ನಾಲ್ಕನೆಯ ರಜಾಯಿ

ಬೇಬೆಕ್‌ನ ಮನೆ, ಇಸ್ತಾಂಬುಲ್
ಶವ್ವಾಲ್ 6, ಹಿಜರಿ 1308, ಶುಕ್ರವಾರ

ನನ್ನ ಕಣ್ಣಿನ ಬೆಳಕು ಬೆಹಿಜೆಗೆ,

ಅಮ್ಮನ ಮುತ್ತುಗಳು. ಹೊಟ್ಟೆಯಲ್ಲಿರುವ ಪುಟ್ಟ ಜೀವಕ್ಕೆ ಇನ್ನೂ ಎರಡು ಹೆಚ್ಚು.

ಮೊದಲು ಬಾಗಿಲು ಹಾಕು. ಚಿಲಕ ಹಾಕಿದೆಯಾ? ನಿನ್ನ ಗಂಡ ನಾಫಿಜ್ ಬೇ ಮನೆಯಲ್ಲಿದ್ದರೆ ಇಷ್ಟಕ್ಕೇ ನಿಲ್ಲಿಸಿ ಕಾಗದವನ್ನು ಮತ್ತೆ ರಜಾಯಿಯ ಹತ್ತಿಯೊಳಗೆ ತುರುಕು. ಅವರು ಕಚೇರಿಗೆ ಹೋದ ಮೇಲೆ ತೆಗೆದು ಓದು. ಬಾಣಂತಿ ಹಾಸಿಗೆಗೆಂದು ಕಳಿಸಿದ ರಜಾಯಿಯಲ್ಲಿ ಅಮ್ಮ ಕಾಗದ ಬಚ್ಚಿಟ್ಟಿದ್ದಾಳೆಂದರೆ ಅವಳಿಗೆ ತಲೆ ಕೆಟ್ಟಿರಬೇಕು ಎಂದುಕೊಳ್ಳುತ್ತೀಯೇನೋ. ಕೆಟ್ಟಿರುವುದು ಹೌದು. ಸುಮ್ಮಸುಮ್ಮನೆ ಕೆಟ್ಟಿಲ್ಲ ಅಷ್ಟೆ. ರಜಾಯಿ ತಂದ ಗುಲ್ಫಿದಾನ್ ದಾದಿಗೆ ಕಾಗದ ಇರುವುದು ಗೊತ್ತು, ಅದರಲ್ಲಿ ಏನಿದೆ ಎಂದು ಗೊತ್ತಿಲ್ಲ. ಅವಳನ್ನು ಕೆದಕಬೇಡ. ನಿನ್ನನ್ನೂ ನನ್ನನ್ನೂ ಎತ್ತಿ ಆಡಿಸಿದ ಮುದುಕಿ, ಪಾಪ, ಹಡಗಿನ ವಾಂತಿಯಲ್ಲೇ ಅರ್ಧ ಜೀವ ಆಗಿರುತ್ತಾಳೆ.

ಅಂಚೆಯಲ್ಲಿ ನಾನು ಬರೆದದ್ದು, ಅಪ್ಪನಿಗೆ ಮಂತ್ರಿಗಿರಿಯಿಂದ ಬಿಡುವು ಸಿಕ್ಕಿದೆ, ತೋಟದಲ್ಲಿ ಗುಲಾಬಿ ನೋಡಿಕೊಂಡಿದ್ದಾರೆ ಎಂದು. ಗುಲಾಬಿಯೂ ಇಲ್ಲ ಗಿಲಾಬಿಯೂ ಇಲ್ಲ. ಮುದ್ರೆಯ ಉಂಗುರವನ್ನು ಬೆರಳಿನಿಂದ ಬಿಡಿಸಿಕೊಂಡು ಹೋಗಿದ್ದಾರೆ. ಗೇಟಿನ ಎದುರಿಗೆ ಕಡಲೆ ಮಾರುವವನ ವೇಷದಲ್ಲಿ ಒಬ್ಬ ಕೂತಿದ್ದಾನೆ. ಅವನ ಕಡಲೆ ಖರ್ಚಾಗುವುದೇ ಇಲ್ಲ. ಅರಮನೆಯ ವೈದ್ಯರ ಹೆಂಡತಿ ಹಮಾಮಿನಲ್ಲಿ ನನ್ನ ಬೆನ್ನು ಉಜ್ಜುವ ನೆಪದಲ್ಲಿ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಅಕ್ಕಾ, ಹಬ್ಬದ ಗಲಾಟೆ ಮುಗೀಲಿ ಅಂತ ಕಾಯ್ತಿದ್ದಾರೆ. ಪಾಶಾ ಅವರನ್ನ ಫೆಜ್ಜಾನ್‌ಗೆ ಕಳಿಸ್ತಾರಂತೆ. ನಾನು ಹೇಳ್ದೆ ಅಂತ ಎಲ್ಲೂ ಬಾಯ್ಬಿಡ್ಬೇಡಿ." ಮರುಭೂಮಿಯ ಆ ಕೋಟೆಗೆ ಹೋದವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ನಿನ್ನ ಅಪ್ಪನಿಗೆ ಗೂರಲು. ಮಹಡಿ ಹತ್ತಿದರೆ ಎರಡು ಸಲ ನಿಲ್ಲುವ ಮನುಷ್ಯ. ಅವರು ಕೋಟೆ ತಲುಪುವುದಿಲ್ಲ, ಒಂಟೆಯ ಮೇಲೇ ಮುಗಿಯುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೈಯಬೇಡ. ನೇರ ಬರೆಯಲು ಕೈ ಏಳುತ್ತಿಲ್ಲ.

ನಿನ್ನ ಅಪ್ಪನ ಬಗ್ಗೆ ಪತ್ರಿಕೆಗಳು ಬರೆಯುವುದು ಒಂದೇ ಸಾಲು: ಕಸ್ತಮೋನುವಿನ ರಜಾಯಿ ಹೊಲಿಯುವವನ ಮಗ, ಹದಿನಾಲ್ಕಕ್ಕೆ ಗುಮಾಸ್ತ, ಮೂರು ಸಲ ಹಣಕಾಸು ಮಂತ್ರಿ. ನನಗೆ ಅವರ ಬದುಕು ನೆನಪಿರುವುದು ರಜಾಯಿಗಳಲ್ಲಿ. ಕೆಲಸ ಹೋದರೆ ಬೇರೆ ಪಾಶಾಗಳು ಹಾಸಿಗೆ ಹಿಡಿಯುತ್ತಾರೆ, ಇಲ್ಲವೇ ಕವಿತೆ ಬರೆದು ಬಂದವರನ್ನೆಲ್ಲ ಕೊಲ್ಲುತ್ತಾರೆ. ಇವರು ಹತ್ತಿ, ಬಟ್ಟೆ, ಉದ್ದನೆಯ ಸೂಜಿ ತರಿಸಿಕೊಂಡು ನೆಲದ ಮೇಲೆ ಕಾಲು ಮಡಚಿ ಕೂತುಬಿಡುತ್ತಾರೆ.

ಮೊದಲನೆಯದು ನೀಲಿ. ತ್ರಾಬ್ಜೋನ್‌ನಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ ಆಲಿಕಲ್ಲು ಬಿದ್ದು ಊರಿನ ಬೆಳೆಯೆಲ್ಲ ಮಣ್ಣಾಯಿತು. ತೆರಿಗೆ ಎತ್ತಿ ಎಂದು ಆಜ್ಞೆ ಬಂತು. "ಕಲ್ಲು ಬಿದ್ದಿದೆ, ಬೇಕಾದ್ರೆ ಕಲ್ಲು ಎತ್ತಿ ಕಳಿಸ್ತೀನಿ" ಎಂದು ಬರೆದರು. ಕೆಲಸ ಹೋಯಿತು. ನೀನು ಹುಟ್ಟಿದೆ, ಆ ನೀಲಿಯಲ್ಲೇ ನಿನ್ನನ್ನು ಸುತ್ತಿದೆ. ಎರಡನೆಯದು ಹಸಿರು, ಮೊದಲ ಮಂತ್ರಿಗಿರಿಯದು. ಎಂಟೇ ತಿಂಗಳು. ಹಬ್ಬಕ್ಕೆ ಮುಂಚೆ ಎಲ್ಲ ಗುಮಾಸ್ತರಿಗೂ ಒಂದು ತಿಂಗಳ ಸಂಬಳ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದರು. ಆ ಹಣ ಅರಮನೆಯ ಹೊಸ ಮಂಟಪಕ್ಕೆ ಬೇಕಂತೆ. ಆಗುವುದಿಲ್ಲ ಎಂದರು. ಹಬ್ಬದ ದಿನ ಮನೆಗೆ ಒಬ್ಬನೇ ಒಬ್ಬ ಬರಲಿಲ್ಲ, ಬೆಕ್ಕು ಬಂದಿತ್ತು. ಮೂರನೆಯ ಹಳದಿ ನಿನ್ನ ಮದುವೆಯದು. ಎರಡು ವರ್ಷ ಫ್ರೆಂಚರು ಇಂಗ್ಲಿಷರ ಜೊತೆ ಕೂತು, ಸಾಲಕ್ಕೆ ಬದಲು ಉಪ್ಪಿನ ಆದಾಯ ಬಿಟ್ಟುಕೊಡುವ ಕಾಗದಕ್ಕೆ ಮೇಲಿನವರ ಮಾತಿನಂತೆ ಮುದ್ರೆ ಒತ್ತಿದರು. ಒತ್ತಿಸಿದವರೇ ಆಮೇಲೆ, ರಾಜ್ಯ ಮಾರಿದವನು ಇವನೇ ಎಂದು ಹೊರಗೆ ಹಾಕಿದರು. ಆ ಹಳದಿ ರಜಾಯಿ ಹೊಲಿಯುವಾಗ ಅವರು ಮೂರು ಸಲ ಬೆರಳು ಚುಚ್ಚಿಕೊಂಡರು. ಆವರೆಗೂ ನಾನು ಅದನ್ನು ನೋಡಿರಲಿಲ್ಲ.

ಇದು ನಾಲ್ಕನೆಯದು.

ಈ ಸಲ ಕಾರಣ ತೆರಿಗೆಯಲ್ಲ, ಸಂಬಳವಲ್ಲ, ಉಪ್ಪೂ ಅಲ್ಲ. ಈ ಸಲ ಊಟ. ರಮಜಾನ್ ಹದಿನೆಂಟರ ಮಧ್ಯಾಹ್ನ ಹಳದಿ ಕೈಗವಸು ಹಾಕಿದ ಒಬ್ಬ ಅಧಿಕಾರಿ ಬಂದ. ನಾನು ಎಂದಿನಂತೆ ಗೋಡೆಯ ತಿರುಗುವ ಕಪಾಟಿನ ಹಿಂದೆ ಕೂತೆ. ನಿನಗೆ ಗೊತ್ತಲ್ಲ, ಹೆಂಗಸರ ಕಡೆಯಿಂದ ತಟ್ಟೆ ಇಟ್ಟು ತಿರುಗಿಸಿದರೆ ಗಂಡಸರ ಚಾವಡಿಗೆ ಹೋಗುವ ಕಪಾಟು. ನಿನ್ನ ಅಪ್ಪನ ಮೂವತ್ತು ವರ್ಷದ ರಾಜಕೀಯವನ್ನು ನಾನು ಕೇಳಿದ್ದು ಅದರ ಸಂದಿನಲ್ಲೇ. ನೀನು ಏಳು ವರ್ಷದವಳಿದ್ದಾಗ ಅದರೊಳಗೆ ಕೂತು ತಿರುಗಿಸಿಕೊಂಡು ಚಾವಡಿಗೆ ಹೋಗುತ್ತಿದ್ದೆ, ನಿನ್ನ ಸೋದರತ್ತೆಯ ಗಂಡ ಸಕ್ಕರೆ ಬಾದಾಮಿ ಕೊಟ್ಟು "ಒಳಗೆ ಅಮ್ಮ ಏನ್ ಮಾತಾಡ್ತಿದ್ಲು ಮರಿ?" ಎಂದರೆ ಎಲ್ಲ ಒಪ್ಪಿಸಿಬಿಡುತ್ತಿದ್ದೆ. ನಾನು ಅವರ ಮೂಗನ್ನು ಬದನೆಕಾಯಿ ಎಂದದ್ದನ್ನೂ ಒಪ್ಪಿಸಿದ್ದೆ! ಎಷ್ಟು ನಕ್ಕೆವು ಆಗ.

ಕೈಗವಸಿನವನು ಕೇಳಿದ, "ಪಾಶಾ ಅವರೇ, ಹನ್ನೆರಡರ ಸಂಜೆ ನಿಮ್ಮಲ್ಲಿ ಇಫ್ತಾರಿಗೆ ಯಾರ್ಯಾರು ಬಂದಿದ್ರು?"

"ರಮಜಾನ್‌ನಲ್ಲಿ ನಮ್ಮನೆ ಬಾಗಿಲು ಹಾಕಿರಲ್ಲ. ಹಸಿದೋರು ಬಂದಿದ್ರು" ಎಂದರು ನಿನ್ನ ಅಪ್ಪ.

"ನಿಮ್ಮ ಬಲಗಡೆ ಕಾಮಿಲ್ ಎಫೆಂದಿ ಕೂತಿದ್ರು."

ಕಾಮಿಲ್ ಎಫೆಂದಿ, ನಿನ್ನ ಕಾಮಿಲ್ ಚಿಕ್ಕಪ್ಪ. ಪತ್ರಿಕೆಯಲ್ಲಿ ಬರೆದದ್ದಕ್ಕೆ ರೋಡ್ಸ್ ದ್ವೀಪದ ಸೆರೆಯಲ್ಲಿ ನಾಲ್ಕು ವರ್ಷ ಇದ್ದು ಬಂದವರು. ಅವರ ಜೊತೆ ಊಟ ಮಾಡುವುದೇ ಈಗ ಅಪರಾಧ.

"ಕೂತಿರ್ಲಿಲ್ಲ. ಅವತ್ತು ಮಧ್ಯಾಹ್ನ ಮೆಟ್ಟಿಲಿಂದ ಜಾರಿ ಕಾಲು ಮುರ್ಕೊಂಡು ಮನೇಲೇ ಇದ್ರು. ಹೋಗಿ ಅವರ ಕಾಲನ್ನೇ ಕೇಳಿ."

ಕೈಗವಸಿನವನು ನಕ್ಕ. "ಹೋಗ್ಲಿ ಬಿಡಿ ಪಾಶಾ ಅವರೇ. ಹಾಲಿನ ಸಿಹಿ ಗುಲ್ಲಾಚ್ ತಿಂತಾ ನೀವು ಅವರ ಹತ್ರ ಹೇಳಿದ ಮಾತೂ ನಮ್ಮ ಹತ್ರ ಇದೆ." ಕಾಗದ ಬಿಚ್ಚಿ ಓದಿದ: "ಸೈನಿಕರ ಬಾಯಿಂದ ಕಿತ್ತು ಅರಮನೆ ನವಿಲಿಗೆ ಹಾಕೋದಾದ್ರೆ, ನಾನು ಹಣಕಾಸು ಮಂತ್ರಿ ಅಲ್ಲ, ನವಿಲು ಮೇಯಿಸೋನು."

ನಿನ್ನ ಅಪ್ಪ ಕಪಾಟಿನ ಕಡೆ ತಿರುಗಿ ನೋಡಿದರು, ಬೆಹಿಜೆ. ಯಾಕೆಂದರೆ ಆ ನವಿಲಿನ ಮಾತನ್ನು ಅವರು ಕಾಮಿಲ್‌ಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಕಚೇರಿಯಿಂದ ಬಂದು, ಬೂಟು ಬಿಚ್ಚುತ್ತಾ, ನನಗೊಬ್ಬಳಿಗೇ ಹೇಳಿದ್ದರು.

ಅವತ್ತಿನಿಂದ ಅವರ ಹಾಸಿಗೆ ಚಾವಡಿಗೆ ಹೋಯಿತು. ಗೂರಲು ಜಾಸ್ತಿಯಾಗಿದೆ, ನಿನಗೆ ನಿದ್ದೆಗೆಡುತ್ತೆ ಎಂದರು. ಮೂವತ್ತು ವರ್ಷ ಕೆಡದ ನಿದ್ದೆ! ನಾನು ಮಾಡಿಸಿದ ಕಷಾಯವನ್ನು ಕಪಾಟಿನಲ್ಲಿಟ್ಟು ತಿರುಗಿಸಿದರೆ, ಬಟ್ಟಲು ತುಂಬಿದ ಹಾಗೆಯೇ ತಿರುಗಿ ಬರುತ್ತಿತ್ತು. ನನ್ನ ಗಂಡ ನನ್ನನ್ನು ಅನುಮಾನಿಸಿದರು. ಈ ಮಾತನ್ನು ಬರೆದು ನೋಡುತ್ತಿದ್ದೇನೆ, ಬರೆದರೂ ನಂಬಲಾಗುತ್ತಿಲ್ಲ.

ನಾನೂ ಸುಮ್ಮನಿರಲಿಲ್ಲ. ಮನೆಯ ಒಬ್ಬೊಬ್ಬರ ಮುಖವನ್ನೂ ಕಳ್ಳನ ಮುಖದಂತೆ ನೋಡಿದೆ. ಕೊನೆಗೆ ಕಾಫಿಯ ಇದ್ರಿಸ್ ಆಗಾನ ಮೇಲೆ ಕಣ್ಣು ನಿಂತಿತು. ಕಾಫಿ ಬಟ್ಟಲು ಇಡುವುದಕ್ಕೂ ತೆಗೆಯುವುದಕ್ಕೂ ದಿನಕ್ಕೆ ಇಪ್ಪತ್ತು ಸಲ ಕಪಾಟಿನ ಬಳಿ ನಿಲ್ಲುವವನು ಅವನೇ. ನಾನು ಆಚೆಯ ಮಾತು ಕೇಳುತ್ತೇನೆ ಎಂದರೆ ಅವನು ಈಚೆಯದು ಕೇಳುವುದಿಲ್ಲವೇ? ಕರೆಸಿದೆ, ಪರದೆಯ ಹಿಂದಿನಿಂದಲೇ ಹೇಳಿದೆ, ಗಂಟು ಕಟ್ಟು ಎಂದು. ಅವನು "ಯಾಕಮ್ಮಾ?" ಎಂದು ಕೂಡ ಕೇಳಲಿಲ್ಲ. "ಇಪ್ಪತ್ತೆರಡು ವರ್ಷ ನಿಮ್ಮನೆ ಉಪ್ಪು ತಿಂದಿದ್ದೀನಮ್ಮಾ. ಪಾಶಾ ಅವರಿಗೆ ಸಕ್ಕರೆ ಕಮ್ಮಿ ಹಾಕ್ಬೇಕು, ಹೊಸಬನಿಗೆ ಹೇಳಿ" ಎಂದು ಹೋದ. ಅವನು ಹೋದದ್ದು ನನಗೆ ಆಗ ಸಮಾಧಾನವೇ ಆಯಿತು. ನೋಡು, ಎಂಥ ಹೆಂಗಸು ನಾನು.

ಇಪ್ಪತ್ತಾರರ ಮಂಗಳವಾರ ನಿನಗೆ ಕಾಗದ ಬರೆಯಲು ಕೂತೆ. ನಿನಗೆ ನನ್ನ ಅಭ್ಯಾಸ ಗೊತ್ತು. ನೀನಿರುವ ಸೆಲಾನಿಕ್‌ನ ಹಡಗು ಮಂಗಳವಾರ ಮಧ್ಯಾಹ್ನ ಹೊರಡುತ್ತದೆ. ಆ ದಿನದ ಸುದ್ದಿಗೆ ಕಾದರೆ ಟಪಾಲು ತಪ್ಪಿ ಒಂದು ವಾರ ಹಳತಾಗುತ್ತದೆ. ನಿನಗೆ ಹಳಸಿದ ಸುದ್ದಿ ಬಡಿಸಲು ನನಗೆ ಇಷ್ಟವಿಲ್ಲ. ಅದಕ್ಕೆ ಸಂಜೆ ಆಗಬೇಕಾದದ್ದನ್ನು ಬೆಳಿಗ್ಗೆಯೇ, ಆಗಿಹೋಯಿತು ಎಂಬಂತೆ ಬರೆದು ಕಳಿಸುತ್ತೇನೆ. ನಮ್ಮ ಮನೆಯಲ್ಲಿ ಆಗುವುದೆಲ್ಲ ಪ್ರತಿವರ್ಷದ್ದೇ, ಏನು ವ್ಯತ್ಯಾಸವಾಗುತ್ತದೆ? ಆವತ್ತೂ ಬರೆಯುತ್ತಿದ್ದೆ: "ಇಂದು ಪುಣ್ಯರಾತ್ರಿ. ಮಸೀದಿಯ ದೀಪಗಳು ಎಷ್ಟು ಚೆನ್ನಾಗಿದ್ದವು ಗೊತ್ತೇ." ಹೊರಗೆ ನೋಡಿದರೆ ಇನ್ನೂ ಹತ್ತು ಗಂಟೆಯ ಬಿಸಿಲು. ನನ್ನ ಕೈ ಅಲ್ಲೇ ನಿಂತಿತು.

ಹನ್ನೆರಡನೆಯ ತಾರೀಖೂ ಮಂಗಳವಾರ! ಅವತ್ತು ಬೆಳಿಗ್ಗೆ ನಾನು ನಿನಗೆ ಬರೆದಿದ್ದೆ: ಸಂಜೆ ಕಾಮಿಲ್ ಚಿಕ್ಕಪ್ಪ ಬಂದಿದ್ದರು, ಅಪ್ಪ ಯಾವಾಗಿನಂತೆ ಬಲಗಡೆ ಕೂರಿಸಿಕೊಂಡರು, ಗುಲ್ಲಾಚ್ ಬಾಯಲ್ಲಿಟ್ಟರೆ ಕರಗುವಂತಿತ್ತು, ಅಪ್ಪ ತಮ್ಮ ನವಿಲಿನ ಹಾಡು ಹಾಡಿದರು. ನವಿಲಿನ ಮಾತು ನಿನಗೆ ನಗು ತರಿಸಲಿ ಎಂದು ಪೂರ್ತಿ ಬರೆದಿದ್ದೆ. ಆಮೇಲೆ ಮಧ್ಯಾಹ್ನ ಕಾಮಿಲ್ ಎಫೆಂದಿಯ ಕಾಲು ಮುರಿಯಿತು, ಅವರ ಜಾಗದಲ್ಲಿ ಮಸೀದಿಯ ಬಾಂಗಿನವನು ಕೂತು ಎರಡು ಸಲ ಅನ್ನ ಹಾಕಿಸಿಕೊಂಡ. ಹಾಲು ಒಡೆದು ಗುಲ್ಲಾಚ್ ಆಗಲೇ ಇಲ್ಲ, ಅಂಜೂರ ಬೇಯಿಸಿ ಅಕ್ರೋಟು ತುಂಬಿ ಕೊಟ್ಟೆವು. ಈ ಮನೆಯ ಬೆಕ್ಕಿಗೂ ಅದು ಗೊತ್ತು. ಈ ಮನೆಯವರು ಯಾರಾದರೂ ಚಾಡಿ ಬರೆದಿದ್ದರೆ ಅಂಜೂರ ಎಂದು ಬರೆಯುತ್ತಿದ್ದರು. ಆಗದ ಊಟ ನಡೆದದ್ದು ಒಂದೇ ಕಡೆ, ನನ್ನ ಕಾಗದದಲ್ಲಿ. ಆ ಕಾಗದ ಹೋದದ್ದು ಒಂದೇ ಮನೆಗೆ.

ಕೈಗವಸಿನವನು ಅವತ್ತು ಓದಿದ್ದು ನನ್ನ ಕಾಗದವನ್ನೇ, ಮಗಳೇ. ನಿನ್ನ ಅಪ್ಪನನ್ನು ಹಿಡಿದುಕೊಟ್ಟ ಕೈ ನನ್ನದೇ.

ಈಗ ನಾಫಿಜ್. ಬೇ ಗೀ ಎಲ್ಲ ಸಾಕು. ಪ್ರಾಂತದ ಕಚೇರಿಯಲ್ಲಿ ಕಾಗದಪತ್ರಗಳ ಮೇಲಧಿಕಾರಿ. ಊರವರ ಕಾಗದ ತೆರೆದು ಓದುವುದೇ ಕೆಲಸವಾದವನಿಗೆ ಅತ್ತೆಯ ಕಾಗದ ಯಾವ ಲೆಕ್ಕ? ಹೋದ ತಿಂಗಳು ಅವನಿಗೆ ಪದಕ ಬಂತು ಎಂದು ನೀನೇ ಬರೆದಿದ್ದೆ. ಎದೆಗೆ ಚುಚ್ಚಿಕೊಳ್ಳಲಿ. ನಿನ್ನನ್ನು ಕೇಳಲು ಬಂದಾಗ ಅವನು ಕಾಫಿ ಬಟ್ಟಲಿನ ತಳವನ್ನು ತಿರುಗಿಸಿ ಗುರುತು ನೋಡಿದ್ದು ನನಗೆ ಅವತ್ತೇ ಸರಿಬಂದಿರಲಿಲ್ಲ. ನಿನ್ನ ಅಪ್ಪ ಅಂದರು, "ಹುಡುಗ ಎಲ್ಲಾ ವಿವರ ನೋಡ್ತಾನೆ, ಒಳ್ಳೇ ಅಧಿಕಾರಿ ಆಗ್ತಾನೆ." ಆದ ನೋಡು.

ಚಳಿಗಾಲದಿಂದ ನಿನ್ನ ಕಾಗದಗಳು ಬದಲಾಗಿವೆ. ಮೊದಲು ಕೇಳುತ್ತಿದ್ದದ್ದು ಉಪ್ಪಿನಕಾಯಿ, ನಿನ್ನ ಗೆಳತಿಯರು, ಬೆಕ್ಕಿನ ಮರಿ. ಈಗ ಕೇಳುವುದು "ಅಪ್ಪನನ್ನು ನೋಡಲು ಯಾರು ಬರುತ್ತಾರೆ? ಕಾಮಿಲ್ ಚಿಕ್ಕಪ್ಪ ಎಷ್ಟು ಸಲ ಬಂದರು? ಅಪ್ಪನಿಗೆ ಅರಮನೆಯ ಮೇಲೆ ಬೇಸರವೇ?" ಅಕ್ಷರ ನಿನ್ನದೇ. ಪ್ರಶ್ನೆ ಅವನದು, ನನಗೆ ಗೊತ್ತು. ಪಕ್ಕದಲ್ಲಿ ನಿಂತು ಹೇಳಿ ಬರೆಸಿರುತ್ತಾನೆ, ಬಸುರಿ ಹುಡುಗಿ ನೀನು ಏನು ಮಾಡುತ್ತೀಯೆ. ನಿನ್ನ ಮೇಲೆ ನನಗೆ ಕೂದಲೆಳೆಯಷ್ಟೂ ಅನುಮಾನವಿಲ್ಲ. ಇದನ್ನು ಎರಡು ಸಲ ಓದಿಕೋ.

ನಿನ್ನ ಅಪ್ಪನಿಗೆ ಇದು ಯಾವುದೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಫೆಜ್ಜಾನ್ ಕೊಲ್ಲುವುದಕ್ಕೆ ಮುಂಚೆ ಇದು ಕೊಂದುಬಿಡುತ್ತದೆ. ನಾನು ಚಾವಡಿಗೆ ಹೋಗಿ ಅವರೆದುರು ಕೂತು ಹೇಳಿದೆ, ನವಿಲಿನ ಮಾತು ಹಮಾಮಿನಲ್ಲಿ ನನ್ನ ಬಾಯಿಂದಲೇ ಜಾರಿತು, ಕಾಮಿಲ್ ಬರುವ ವಿಷಯವೂ ಜಾರಿತು ಎಂದು. ಅವರು ಸೂಜಿ ಕೆಳಗಿಟ್ಟರು. "ಅಷ್ಟೇನಾ? ನಾನು ಇನ್ನೇನೇನೋ ಅಂದ್ಕೊಂಡಿದ್ದೆ ಸರ್ವಿನಾಜ್" ಎಂದು ಅತ್ತುಬಿಟ್ಟರು. ಹಾಸಿಗೆ ಒಳಗೆ ಬಂತು, ಕಷಾಯವೂ ಖಾಲಿಯಾಗುತ್ತಿದೆ. ಮಾಡದ ತಪ್ಪನ್ನು ಒಪ್ಪಿಕೊಂಡು ಇಷ್ಟು ಹಗುರವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಮಾಡದ ತಪ್ಪು ಎಂದು ಹೇಗೆ ಹೇಳಲಿ? ಮಾಡಿದ್ದೇನಲ್ಲ.

ಓಡಿಹೋಗೋಣ ಎಂದಾಗ ರೇಗಿದರು. "ನಾನೇನು ಕಳ್ಳನಾ? ಖಜಾನೆಯಿಂದ ಒಂದು ದಾರ ಮನೆಗೆ ತಂದೋನಲ್ಲ. ವಿಚಾರಣೆ ಮಾಡ್ಲಿ. ಅಷ್ಟು ಭಯ ಇದ್ರೆ ನಾಫಿಜ್‌ಗೆ ಬರಿ, ಅವನಿಗೆ ಮೇಲಿನವರೆಲ್ಲ ಗೊತ್ತು, ಏನಾದ್ರೂ ದಾರಿ ಮಾಡ್ತಾನೆ." "ನೀವು ಹೊಲಿತಿರೋ ಈ ರಜಾಯಿ ಕೆಳಗೆ ಮಲಗೋ ಮಗೂನ ನೋಡೋದು ಬೇಡ್ವಾ ನಿಮಗೆ?" ಎಂದೆ. ಅವರು ಒಂದು ಸಾಲು ಹೊಲಿದು ಮುಗಿಸಿದರು. ದಾರ ಕಡಿದು, "ಯಾವ ಹಡಗು?" ಎಂದರು.

ಕೇಳು. ಬರುವ ಗುರುವಾರ, ಹನ್ನೆರಡನೆಯ ತಾರೀಖು, ಬೆಳಗಿನ ನಮಾಜು ಮುಗಿದ ಮೇಲೆ ಕುರುಚೆಶ್ಮೆ ಕಟ್ಟೆಯಿಂದ ಕಲ್ಲಿದ್ದಲಿನ ದೋಣಿಯಲ್ಲಿ ಹೋಗಿ, ಅಲೆಕ್ಸಾಂಡ್ರಿಯಾಕ್ಕೆ ಹೊರಡುವ ಹಡಗು ಹತ್ತುತ್ತೇವೆ. ಅಲ್ಲಿ ನಿನ್ನ ಚಿಕ್ಕಮ್ಮ ಇದ್ದಾಳೆ. ಇದು ಗೊತ್ತಿರುವುದು ನಮ್ಮಿಬ್ಬರಿಗೆ, ದೋಣಿಯವನಿಗೆ, ಈಗ ನಿನಗೆ. ದಾದಿ ಬಂದ ಶನಿವಾರದ ಹಬ್ಬದ ಹೆಚ್ಚುವರಿ ಹಡಗಿನ ಅಂಚೆಯಲ್ಲೇ ಎಂದಿನ ಕಾಗದವೂ ಬರುತ್ತದೆ: ಅಪ್ಪನಿಗೆ ಕಾಲುನೋವು, ತಿಂಗಳ ಕೊನೆವರೆಗೂ ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದು. ಅದನ್ನು ಅವನ ಕಣ್ಣಿಗೆ ಬೀಳುವ ಹಾಗೆ ಇಡು. ಅವನು ಕೇಳಿದರೆ ಸ್ವಲ್ಪ ಅಳು. ಅಳುವುದರಲ್ಲಿ ನೀನು ಚಿಕ್ಕಂದಿನಿಂದಲೂ ಜಾಣೆ. ಈ ಕಾಗದವನ್ನು ಒಲೆಗೆ ಹಾಕು.

ಉತ್ತರ ಬರೆಯಬೇಡ. ಬಸಳೆ, ಖರ್ಜೂರ ತಿನ್ನು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ರಜಾಯಿಯ ಹೊಲಿಗೆಯಲ್ಲಿ ನಡುವಿನ ಹೂವು ನೋಡು, ನಿನ್ನ ಅಪ್ಪ ಅದನ್ನು ಎರಡು ಸಲ ಬಿಚ್ಚಿ ಹೊಲಿದರು. ಮಂತ್ರಿಯಾಗಿ ಅಷ್ಟು ತಿದ್ದಿದ್ದರೆ ಈ ರಾಜ್ಯ ಉದ್ಧಾರವಾಗುತ್ತಿತ್ತು ಎಂದೆ. "ಇಲ್ಲಿ ಸೂಜಿ ನನ್ನ ಕೈಲಿತ್ತು" ಎಂದರು.

ನಿನ್ನ ಕಣ್ಣುಗಳಿಗೆ ಮುತ್ತಿಡುವ,
ಅಮ್ಮ
ಸರ್ವಿನಾಜ್

ತಾ. ಕ.

ಈ ಚೀಟಿ ಅದೇ ರಜಾಯಿಯ ಎದುರು ಮೂಲೆಯಲ್ಲಿ ಬೇರೆಯಾಗಿ ಹೊಲಿದಿದ್ದು. ಮಗು ಹುಟ್ಟಿದ ಮೇಲೆಯೇ ಬಿಚ್ಚಿ ಕೊಡುತ್ತೇನೆ ಎಂದು ದಾದಿ ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಾಳೆ. ಹಾಗಾಗಿ ಮೊದಲು ಮಗುವಿಗೆ ಮುತ್ತು ಕೊಟ್ಟು ಆಮೇಲೆ ಓದು.

ನಾವು ಗುರುವಾರ ಹೊರಡಲಿಲ್ಲ, ಬೆಹಿಜೆ. ಭಾನುವಾರವೇ ಹೊರಟೆವು. ದಾದಿಯ ಹಡಗು ಸೆಲಾನಿಕ್ ಮುಟ್ಟುವ ಮುಂಚೆ, ನೀನು ರಜಾಯಿಯ ಹೊಲಿಗೆ ಬಿಚ್ಚುವ ಮುಂಚೆ. ಕುರುಚೆಶ್ಮೆ ಕಟ್ಟೆಯೂ ಅಲ್ಲ. ಇದನ್ನೂ ಮುಂಚಿತವಾಗಿಯೇ, ಆಗಿಹೋದಂತೆ ಬರೆಯುತ್ತಿದ್ದೇನೆ, ಅಭ್ಯಾಸ ನೋಡು.

ಇದ್ರಿಸ್ ಆಗಾನ ಮನೆಗೆ ಹೋಗಿದ್ದೆ. ಅವನ ಹೆಂಡತಿಯ ಮುಂದೆ, ಅವನ ಕೈ ಹಿಡಿದು ತಪ್ಪಾಯಿತು ಎಂದೆ. ಒಂದು ಉಪಕಾರವನ್ನೂ ಬೇಡಿದೆ. ಆ ಗುರುವಾರ ಬೆಳಿಗ್ಗೆ ಅವನು ಕುರುಚೆಶ್ಮೆ ಕಟ್ಟೆಯ ಮೇಲೆ ಒಲೆ ಹೂಡಿ ಕಾಫಿ ಮಾರುತ್ತಾ ಕೂರುತ್ತಾನೆ. ಯಾರಾದರೂ ಪಾಶಾನನ್ನು ಹುಡುಕಿಕೊಂಡು ಬಂದರೂ ಸರಿ, ಬಾರದಿದ್ದರೂ ಸರಿ, ಅಲೆಕ್ಸಾಂಡ್ರಿಯಾಕ್ಕೆ ಒಂದು ಸಾಲು ಬರೆಸುತ್ತಾನೆ. ಆ ಕಟ್ಟೆಯ ಹೆಸರನ್ನು ನಾನು ದೋಣಿಯವನಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಹೇಳಿಲ್ಲ. ಇದ್ರಿಸ್‌ನನ್ನು ಬಿಟ್ಟರೆ ಇಡೀ ಲೋಕದಲ್ಲಿ ಹೇಳಿದ್ದು ನಿನಗೊಬ್ಬಳಿಗೇ.

ಕಪಾಟಿನ ಆಚೆಯ ಆ ಸಕ್ಕರೆ ಬಾದಾಮಿ ನೆನಪಾಗಿ ಹೀಗೆ ಮಾಡಿದೆ. ಕ್ಷಮಿಸು.

ಈಗ ಮಗು ನಿನ್ನ ಮಡಿಲಲ್ಲಿದೆ, ಆ ಗುರುವಾರ ಕಳೆದು ಎರಡು ತಿಂಗಳಾಗಿದೆ. ಕಟ್ಟೆಗೆ ಯಾರು ಬಂದರು ಎಂದು ನನಗೆ ಗೊತ್ತಿದೆ. ನಿನಗೂ ಗೊತ್ತಿದೆ. ಯಾರೂ ಬರದಿದ್ದರೆ ನಿನ್ನ ಅಪ್ಪ ಐದನೆಯ ರಜಾಯಿ ಹೊಲಿಯುತ್ತಿರುತ್ತಾರೆ, ನಿನ್ನದೂ ಮಗುವಿನದೂ ಹಾಸಿಗೆ ಇಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಸಿದ್ಧವಿರುತ್ತದೆ, ದಾದಿಯ ಕೈ ಹಿಡಿದು ಹಡಗು ಹತ್ತು. ಬಂದಿದ್ದರೂ ಹತ್ತು. ಹಾಸಿಗೆ ಆಗಲೂ ಹಾಸಿರುತ್ತೇನೆ. ನಿನ್ನ ಅಪ್ಪನಿಗೆ ಏನೂ ಹೇಳಿರುವುದಿಲ್ಲ. ನನ್ನ ಮುಖ ಮಾತ್ರ ನೋಡಬೇಡ.